ಕೇಳುವವರಿಗೆ ‘ಬೇಡ’ ಎನ್ನಲು ಜಾಗ ಇದೆಯೇ?

ಪ್ರಶ್ನೆ: ನನ್ನ ತವರು ಗುಳೇದಗುಡ್ಡ. ಮುತ್ತಜ್ಜನ ಕಾಲದಿಂದ ನಾವು ಕ್ರೈಸ್ತರು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಪಂಗಡದವರು. ಈಗ ವಿಜಯಪುರದ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೇನೆ. ಮದುವೆಯಾದ ಮೇಲೆ ಗಂಡನ ಮನೆಯವರು ಹೋಗುವ ಸಭೆಗೆ, ಅಂದರೆ ಅವರ ಚರ್ಚಿಗೆ, ಹೋಗುತ್ತೇನೆ. ಅಲ್ಲಿ ಪ್ರತಿ ಭಾನುವಾರ ‘ಈ ವಾರ ಎಷ್ಟು ಜನರಿಗೆ ಸುವಾರ್ತೆ (ಯೇಸುವಿನ ಸಂದೇಶ) ಹೇಳಿದಿರಿ’ ಎಂದು ಲೆಕ್ಕ ಕೇಳುತ್ತಾರೆ. ಕೈಗೆ ಕರಪತ್ರದ ಕಟ್ಟು ಕೊಟ್ಟು, ‘ನಿನ್ನ ಮುಂದೆ ದಿನಾ ರೋಗಿಗಳಿರ್ತಾರೆ, ಇಂಥ ಅವಕಾಶ ಯಾರಿಗಿದೆ’ ಎನ್ನುತ್ತಾರೆ. ನಾನೋ ತವರಿನಲ್ಲಿ ‘ನಡತೆಯೇ ಸಾಕ್ಷಿ, ಬಾಯಿ ಬೇಕಿಲ್ಲ’ ಎಂದು ಕೇಳಿ ಬೆಳೆದವಳು. ನನ್ನ ಜೊತೆ ನೈಟ್ ಡ್ಯೂಟಿ ಮಾಡುವ ಗೆಳತಿ ಲಿಂಗಾಯತರವಳು. ಊಟಕ್ಕೆ ಮೊದಲು ನಾನು ಕಣ್ಣು ಮುಚ್ಚುವುದನ್ನು ನೋಡಿ ‘ಏನ್ ಬೇಡ್ಕೋತಿ ನೀ?’ ಎಂದು ಕೇಳುತ್ತಾಳೆ. ಮತಾಂತರದ ವಿರುದ್ಧ ಕಾಯ್ದೆ ಇದೆಯಂತೆ, ಹೇಳಲು ಹೆದರಿಕೆ. ಇಷ್ಟು ವಿಧಾನಗಳಲ್ಲಿ ಯಾವುದು ಸರಿ?

ಉತ್ತರ: ಮೊದಲು ಆಸ್ಪತ್ರೆಯ ಮಾತು ಮುಗಿಸಿಬಿಡೋಣ. ಡ್ಯೂಟಿಯಲ್ಲಿರುವಾಗ ರೋಗಿಯ ಕೈಗೆ ಕರಪತ್ರ ಕೊಡಬೇಡಿ. ನೀವಾಗಿಯೇ ಪ್ರಾರ್ಥನೆ ಮಾಡಲೇ ಎಂದು ಕೇಳಲೂ ಬೇಡಿ. ಕಾಯ್ದೆಗೆ ಹೆದರಿ ಈ ಮಾತು ಹೇಳುತ್ತಿಲ್ಲ. ಕಾಯ್ದೆಯೇ ಇಲ್ಲದಿದ್ದರೂ ನನ್ನ ಉತ್ತರ ಇದೇ.

ಸಲೈನ್ ಏರಿಸಿಕೊಂಡು ಮಲಗಿದ ಸಿಂದಗಿ ಕಡೆಯ ಒಬ್ಬ ರೈತನನ್ನು ನೆನೆದುಕೊಳ್ಳಿ. ರಾತ್ರಿ ಎರಡು ಗಂಟೆ. ನೋವಿನ ಇಂಜೆಕ್ಷನ್ ನಿಮ್ಮ ಕೈಯಲ್ಲಿದೆ. ಡಾಕ್ಟರನ್ನು ಕರೆಯಬೇಕಾದರೂ ನೀವೇ ಕರೆಯಬೇಕು, ಬೆಡ್‌ಪ್ಯಾನ್ ಬೇಕಾದರೂ ನಿಮ್ಮನ್ನೇ ಕೇಳಬೇಕು. ಆ ಹೊತ್ತಿನಲ್ಲಿ ‘ಯಪ್ಪಾ, ನಿನಗಾಗಿ ಯೇಸುಸ್ವಾಮಿಗೆ ಪ್ರಾರ್ಥನೆ ಮಾಡ್ಲೇನು’ ಎಂದರೆ ಅವನು ಏನೆನ್ನುತ್ತಾನೆ? ‘ಹೂಂ ಸಿಸ್ಟರ್’ ಎನ್ನುತ್ತಾನೆ. ಇನ್ನೇನು ಅಂದಾನು? ಆ ‘ಹೂಂ’ ಯೇಸುವಿಗೆ ಹೇಳಿದ್ದಲ್ಲ, ಇಂಜೆಕ್ಷನ್ನಿಗೆ ಹೇಳಿದ್ದು. ಅದನ್ನು ಭಾನುವಾರದ ಲೆಕ್ಕದಲ್ಲಿ ಸೇರಿಸುವುದು ದೇವರ ಮುಂದೆಯೂ ಸುಳ್ಳು ಲೆಕ್ಕವೇ. ರೋಗಿ ತಾನಾಗಿ ಕೇಳಿದರೆ ಬೇರೆ ಮಾತು. ಆಗಲೂ ಒಂದು ಸಣ್ಣ ಪ್ರಾರ್ಥನೆ ಮಾಡಿ, ಮನೆಯವರು ಹತ್ತಿರ ಇರುವಾಗ, ಅಷ್ಟಕ್ಕೇ ನಿಲ್ಲಿಸಿ. ಆಸ್ಪತ್ರೆಯ ನಿಯಮ ಅದಕ್ಕೂ ಒಪ್ಪದಿದ್ದರೆ ಮನಸ್ಸಿನಲ್ಲೇ ಮಾಡಿ.

ವಿಧಾನಗಳನ್ನು ಅಳೆಯಲು ನಾನು ಬಳಸುವ ಪರೀಕ್ಷೆ ಇದೊಂದೇ: ಕೇಳುವವನು ‘ಬೇಡ’ ಎಂದರೆ ಅವನಿಗೇನು ನಷ್ಟ? ಏನೂ ನಷ್ಟವಿಲ್ಲದಿದ್ದರೆ ಧೈರ್ಯವಾಗಿ ಹೇಳಿ. ಔಷಧ, ಮಾರ್ಕು, ಕೆಲಸ, ಸಾಲ, ಮನೆ ಬಾಡಿಗೆ, ಮರ್ಯಾದೆ ಇವುಗಳಲ್ಲಿ ಯಾವುದಾದರೂ ಒಂದಕ್ಕೆ ಪೆಟ್ಟು ಬೀಳಬಹುದು ಎಂಬ ಅನುಮಾನ ಅವನಿಗಿದ್ದರೆ ಬಾಯಿ ಮುಚ್ಚಿಕೊಂಡಿರಿ. ಆ ಅನುಮಾನ ನಿಜವೋ ಸುಳ್ಳೋ ಎಂಬುದು ಮುಖ್ಯವಲ್ಲ, ಅವನಿಗೆ ಹಾಗೆ ಅನಿಸುತ್ತದೆಯೇ ಎಂಬುದಷ್ಟೇ ಮುಖ್ಯ. ಈ ಪರೀಕ್ಷೆ ನನ್ನದೇನೂ ಅಲ್ಲ. ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಶ್ರೀಮಂತನೊಬ್ಬ ‘ಇದ್ದದ್ದೆಲ್ಲ ಮಾರಿ ಬಡವರಿಗೆ ಕೊಡು’ ಎಂಬ ಯೇಸುವಿನ ಮಾತು ಕೇಳಿ ಮುಖ ಸಪ್ಪೆ ಮಾಡಿಕೊಂಡು ಹೊರಟುಹೋಗುತ್ತಾನೆ. ಯೇಸು ಅವನನ್ನು ಪ್ರೀತಿಸಿದನೆಂದು ಅಲ್ಲೇ ಬರೆದಿದೆ. ಆದರೂ ಬೆನ್ನು ಹತ್ತಿ ಹೋಗಲಿಲ್ಲ, ಷರತ್ತು ಸಡಿಲಿಸಿ ‘ಅರ್ಧ ಮಾರಿದರೂ ನಡೀತದ, ಬಾ’ ಎನ್ನಲಿಲ್ಲ. ಲೂಕನ ಸುವಾರ್ತೆಯ 17ರಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಯೇಸುವಿನಿಂದ ವಾಸಿಯಾಗುತ್ತಾರೆ, ಕೃತಜ್ಞತೆ ಹೇಳಲು ತಿರುಗಿ ಬಂದವನು ಒಬ್ಬನೇ. ಉಳಿದ ಒಂಬತ್ತು ಜನರ ರೋಗ ಮರಳಿ ಬಂತೆಂದು ಎಲ್ಲೂ ಬರೆದಿಲ್ಲ. ನರ್ಸ್ ಆದವರು ಈ ಎರಡನೆಯ ಕಥೆಯನ್ನು ಆಗಾಗ ಓದಬೇಕು.

ಈ ಅಳತೆಗೆ ಹಚ್ಚಿದರೆ ಕೆಲವು ಉತ್ತರಗಳು ತಲೆಕೆಳಗಾಗುತ್ತವೆ. ಬೀದಿಯಲ್ಲಿ ನಿಂತು ಸಾರುವುದನ್ನು ಓದಿದ ಕ್ರೈಸ್ತರು ಇವತ್ತು ಕೀಳಾಗಿ ನೋಡುತ್ತಾರೆ, ಗದ್ದಲದ ಕೆಲಸ ಅದು ಎನ್ನುತ್ತಾರೆ. ಆದರೆ ಬೀದಿಯಲ್ಲಿ ಕೇಳುವವನಷ್ಟು ಸ್ವತಂತ್ರ ಬೇರೆ ಯಾರೂ ಇಲ್ಲ. ಬೇಡವಾದರೆ ಎದ್ದು ನಡೆಯುತ್ತಾನೆ, ಬೇಕಾದರೆ ನಿಂತು ಜಗಳ ತೆಗೆಯುತ್ತಾನೆ. ಆದಿಕಾಲದ ಕ್ರೈಸ್ತ ಪ್ರಸಂಗಿ ಪೌಲನು ಗ್ರೀಸಿನ ಅಥೇನೆ ಪಟ್ಟಣದಲ್ಲಿ ಮಾತಾಡಿದಾಗ ಆದದ್ದೂ ಇದೇ: ಕೆಲವರು ಗೇಲಿ ಮಾಡಿದರು, ಕೆಲವರು ಇನ್ನೊಮ್ಮೆ ಕೇಳುತ್ತೇವೆ ಎಂದರು, ನಂಬಿದವರು ಕೆಲವರೇ. ಬಾಯಿ ತೆರೆಯುವ ಮೊದಲು ಆತ ಊರೆಲ್ಲ ಸುತ್ತಿದ್ದ, ಅಲ್ಲಿನ ಗುಡಿಗಳನ್ನು ನೋಡಿದ್ದ, ಅವರದೇ ಕವಿಗಳ ಮಾತು ಎತ್ತಿ ಮಾತಾಡಿದ. ಇವತ್ತಿನ ಬೀದಿ ಪ್ರಸಂಗಿಗಳಲ್ಲಿ ನನಗೆ ಕಾಣದೇ ಹೋಗುವುದು ಈ ತಯಾರಿ. ಬಸವನ ಬಾಗೇವಾಡಿಯ ಸಂತೆಯಲ್ಲಿ ನಿಂತು ಮಾತಾಡುವವನಿಗೆ ಎದುರಿಗೆ ಕಾಯಿಪಲ್ಲೆ ಮಾರುವ ಮುದುಕಿಗೆ ಎಷ್ಟು ವಚನ ಬಾಯಿಪಾಠ ಇದೆ ಎಂಬುದೇ ತಿಳಿದಿರುವುದಿಲ್ಲ. ಕತ್ತಲಲ್ಲಿದ್ದವಳಿಗೆ ಬೆಳಕು ತಂದೆ ಎಂಬ ಧಾಟಿಯಲ್ಲಿ ಶುರುಮಾಡುತ್ತಾನೆ. ಅವಳು ಒಂದು ನಿಮಿಷ ಕೇಳಿ, ತಕ್ಕಡಿ ಎತ್ತಿಕೊಂಡು ತನ್ನ ಕೆಲಸ ನೋಡುತ್ತಾಳೆ. ಇದರ ಮೇಲೆ ಮೈಕು ಹಚ್ಚಿ, ಜಾತ್ರೆಯ ದಿನವೇ ಗುಡಿಯ ಎದುರು ನಿಂತರೆ ಆ ‘ಎದ್ದು ಹೋಗುವ’ ಸ್ವಾತಂತ್ರ್ಯವನ್ನೂ ಕಸಿದುಕೊಂಡಂತಾಯಿತು.

ಕರಪತ್ರದ್ದೂ ಹೆಚ್ಚು ಕಡಿಮೆ ಇದೇ ಕಥೆ. ತಾನಾಗಿ ಕೈ ಚಾಚಿದವನಿಗೆ ಕೊಟ್ಟರೆ ತಪ್ಪೇನಿಲ್ಲ. ಬಾಗಲಕೋಟೆಯಿಂದ ಹೊರಟ ಬಸ್ಸಿನ ಕಿಟಕಿ ಬದಿಯ ಸೀಟಿನಲ್ಲಿ ಸಿಕ್ಕಿಹಾಕಿಕೊಂಡವನ ತೊಡೆಯ ಮೇಲೆ ಇಡುವುದು ಬೇರೆ. ಆ ಹಾಳೆಯನ್ನೂ ಒಮ್ಮೆ ಬಿಡಿಸಿ ನೋಡಿ. ಮುಖಪುಟದಲ್ಲಿ ಬೆಂಕಿಯ ಚಿತ್ರ, ಒಳಗೆ ‘ನೀನು ಪಾಪಿ’ ಎಂಬ ತಲೆಬರಹ, ಎಲ್ಲಿಂದಲೋ ತರ್ಜುಮೆಯಾಗಿ ಬಂದ ಕನ್ನಡ, ಕೊನೆಯ ಪುಟದಲ್ಲಿ ‘ಈ ಪ್ರಾರ್ಥನೆಯನ್ನು ಹೇಳಿರಿ’ ಎಂದು ನಾಲ್ಕು ಸಾಲು, ಕೆಳಗೆ ಫೋನ್ ನಂಬರು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ನೀರು ಕೊಡುತ್ತೇವೆ, ಆಮೇಲೆ ಊರು ಕೇರಿ ಕೇಳುತ್ತೇವೆ. ಹೆಸರೂ ಕೇಳದೆ ಪಾಪಿ ಎನ್ನುವ ಕಾಗದವನ್ನು ಯಾರು ತಾನೇ ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ? ಅಚ್ಚಾದ ಮಾತಿಗೆ ಶಕ್ತಿ ಇಲ್ಲ ಎನ್ನುತ್ತಿಲ್ಲ. ಮರಾಠಿ ಕವಿ ನಾರಾಯಣ ವಾಮನ ತಿಳಕರಿಗೆ ರೈಲಿನಲ್ಲಿ ಸಹಪ್ರಯಾಣಿಕನೊಬ್ಬ ಬೈಬಲಿನ ಹೊಸ ಒಡಂಬಡಿಕೆಯ ಪ್ರತಿ ಕೊಟ್ಟಿದ್ದ. ತಿಳಕರು ಅದನ್ನು ತಮ್ಮ ಪಾಡಿಗೆ ಓದಿದರು, ಮನಸ್ಸಿನಲ್ಲೇ ವಾದ ಮಾಡಿದರು, 1895ರಲ್ಲಿ ದೀಕ್ಷಾಸ್ನಾನ ಪಡೆದರು. ಮುಂದೆ ಅವರು ಬರೆದ ಅಭಂಗಗಳನ್ನು ಮರಾಠಿ ಕ್ರೈಸ್ತರು ಇವತ್ತಿಗೂ ಹಾಡುತ್ತಾರೆ. ಅಲ್ಲಿ ಕೈ ಬದಲಿಸಿದ್ದು ಇಡೀ ಪುಸ್ತಕ, ತೀರ್ಮಾನಕ್ಕೆ ಹಿಡಿದದ್ದು ವರ್ಷಗಳು. ಆ ತೀರ್ಮಾನದ ಬೆಲೆಯನ್ನೂ ಮರೆಯಬಾರದು. ಹೆಂಡತಿ ಲಕ್ಷ್ಮೀಬಾಯಿ ಕೆಲವು ವರ್ಷ ಅವರಿಂದ ದೂರವೇ ಇದ್ದರು.

ಇನ್ನು ನಿಮ್ಮ ತವರಿನವರ ದಾರಿ. ಶಾಲೆ, ಆಸ್ಪತ್ರೆ, ಹಾಸ್ಟೆಲ್, ನಡತೆ. ಇದಕ್ಕೆ ನಮ್ಮಲ್ಲಿ ಉದ್ದ ಚರಿತ್ರೆ ಇದೆ. ಬೆಳಗಾವಿಗೆ ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಬಳ್ಳಾರಿಯಿಂದ ಬಂದದ್ದು 1820ರಲ್ಲಿ. ಆ ಕೆಲಸವನ್ನು ಮೆಥಡಿಸ್ಟ್ ಪಂಗಡದವರು ವಹಿಸಿಕೊಂಡದ್ದು 1904ರಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ, ಧಾರವಾಡ, ಹುಬ್ಬಳ್ಳಿ, ಬೆಟಗೇರಿ ದಾಟಿ ನಿಮ್ಮ ನೇಕಾರರ ಗುಳೇದಗುಡ್ಡ ಮುಟ್ಟಿದ್ದು 1851ರಲ್ಲಿ. ಅವರಲ್ಲಿ ಸಂತೆ ಜಾತ್ರೆಗಳಲ್ಲಿ ಸಾರಿದವರೂ ಇದ್ದರು, ಶಾಲೆ ತೆರೆದವರೂ ಇದ್ದರು, ನಿಘಂಟು ಬರೆದ ಕಿಟೆಲ್ ಥರದವರೂ ಇದ್ದರು. ಕ್ರೈಸ್ತರಾದವರನ್ನು ಜಾತಿಯವರು ಹೊರಗೆ ಹಾಕಿದಾಗ ಹೊಟ್ಟೆಯ ಪ್ರಶ್ನೆ ಎದ್ದಿತು. ಮಿಷನ್ನಿನವರು ಮಂಗಳೂರಿನಲ್ಲಿ ನೇಯ್ಗೆ ಕಾರ್ಖಾನೆ ಹಾಕಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಇದನ್ನು ಕರುಣೆಯ ಕೆಲಸವೆಂದು ಹೊಗಳುವವರಿದ್ದಾರೆ, ಆಮಿಷವೆಂದು ತೆಗಳುವವರಿದ್ದಾರೆ. ನನಗೆ ಕಾಣುವ ತೊಡಕು ಬೇರೆ. ಕೂಲಿ ಕೊಡುವವರೂ, ಮನೆ ಕೊಡುವವರೂ, ಸಭೆಯಲ್ಲಿ ಶಿಸ್ತುಕ್ರಮ ತೆಗೆದುಕೊಳ್ಳುವವರೂ ಒಬ್ಬರೇ ಆದಾಗ, ಒಳಗೆ ಬಂದವನಿಗೆ ಮುಂದೆ ಯಾವುದಕ್ಕೂ ‘ಇಲ್ಲ’ ಎನ್ನಲು ಬಾಯಿಯೇ ಬರುವುದಿಲ್ಲ. ಮಿಷನ್ ಕಾಂಪೌಂಡಿನ ಕ್ರೈಸ್ತರಲ್ಲಿ ಎಷ್ಟೋ ಕಾಲ ಉಳಿದ ಆ ಹೆದರಿಕೆ ಮತ್ತು ವಿಧೇಯತೆಗೆ ಇದೇ ಮೂಲ ಎಂದು ನಾನು ತಿಳಿಯುತ್ತೇನೆ. ನಿಮ್ಮ ತವರಿನ ‘ಬಾಯಿ ಬೇಕಿಲ್ಲ’ ಎಂಬ ಮಾತಿನ ಹಿಂದೆಯೂ ಸ್ವಲ್ಪ ಅದೇ ಇರಬಹುದು.

ನಡತೆ ಬೇಕೇ ಬೇಕು. ಆದರೆ ನಡತೆಯೊಂದೇ ಸಾಕು ಎಂಬುದನ್ನು ನಾನು ಒಪ್ಪುವುದಿಲ್ಲ. ಇಟಲಿಯ ಸಂತ, ಅಸ್ಸಿಸಿಯ ಫ್ರಾನ್ಸಿಸರ ಹೆಸರಿನಲ್ಲಿ ‘ಸುವಾರ್ತೆ ಸಾರು, ಅಗತ್ಯಬಿದ್ದರೆ ಮಾತು ಬಳಸು’ ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ. ಅವರ ಬರಹಗಳಲ್ಲಿ ಅದು ಎಲ್ಲೂ ಸಿಗುವುದಿಲ್ಲ. ಅವರು ಊರೂರು ತಿರುಗಿ ಬಾಯಿ ತುಂಬ ಸಾರಿದವರು. ನೀವು ಒಳ್ಳೆಯ ನರ್ಸ್ ಆಗಿದ್ದರೆ ಜನ ‘ಬಾಳ ಚಲೋ ಹೆಣ್ಣಮಗಳು’ ಎನ್ನುತ್ತಾರೆ, ಅಷ್ಟೇ. ಒಳ್ಳೆಯ ನರ್ಸ್‌ಗಳು ಎಲ್ಲ ಧರ್ಮದಲ್ಲೂ ಇದ್ದಾರೆ. ನಿಮ್ಮ ಒಳ್ಳೆಯತನ ನೋಡಿ ಯಾರೂ ಯೇಸು ಯಾರೆಂದು ಊಹಿಸಿಕೊಳ್ಳಲು ಆಗದು. ಕೇಳಿದವರಿಗೆ ಹೇಳಲೇಬೇಕು. ಪೇತ್ರನ ಮೊದಲ ಪತ್ರದ 3ನೇ ಅಧ್ಯಾಯ ಹೇಳುವುದೂ ಅದನ್ನೇ: ನಿಮ್ಮ ನಿರೀಕ್ಷೆಗೆ ಕಾರಣವೇನೆಂದು ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಸಾತ್ವಿಕವಾಗಿ, ಗೌರವದಿಂದ. ಕೇಳುವವರಿಗೆ ಎಂಬುದನ್ನು ನಿಮ್ಮ ಸಭೆಯವರು ಬಿಟ್ಟರು, ಉತ್ತರ ಕೊಡಿ ಎಂಬುದನ್ನು ತವರಿನವರು ಬಿಟ್ಟರು.

ಸ್ಥಳೀಯ ವೇಷ, ಸ್ಥಳೀಯ ಧಾಟಿಯಲ್ಲಿ ಹೇಳುವ ದಾರಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಅದರ ಒಂದು ಅಪರೂಪದ ಪ್ರಯೋಗ ಬೆಳಗಾವಿ ಜಿಲ್ಲೆಯಲ್ಲೇ ಇದೆ. ಬೈಲಹೊಂಗಲ ತಾಲೂಕಿನ ದೇಶನೂರಿನಲ್ಲಿ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳ ಸ್ನಾನಿಕ ಅರುಳಪ್ಪನವರ (ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಯೋಹಾನರ) ವಿರಕ್ತ ಮಠವಿದೆ. ಪಾದ್ರಿಗಳು ಕಾವಿ ಉಡುತ್ತಾರೆ, ನೆಲದ ಮೇಲೆ ಕುಳಿತು ಬಲಿಪೂಜೆ (ರೊಟ್ಟಿ, ದ್ರಾಕ್ಷಾರಸದ ಕ್ರೈಸ್ತ ಆರಾಧನೆ) ನಡೆಸುತ್ತಾರೆ. ಇದನ್ನು ಕಂಡರೆ ಕೆಲವು ಕ್ರೈಸ್ತರಿಗೆ ಸಿಟ್ಟು, ಶುದ್ಧ ವಿಶ್ವಾಸ ಕಲಬೆರಕೆಯಾಯಿತು ಎಂದು. ಕೆಲವು ಹಿಂದೂಗಳಿಗೂ ಸಿಟ್ಟು, ಇದು ಮೋಸದ ವೇಷ ಎಂದು. ಎರಡನೆಯ ಆಕ್ಷೇಪ ನನಗೆ ಗಂಭೀರವಾಗಿ ಕಾಣುತ್ತದೆ. ಬಂದವನಿಗೆ ತಾನು ಎಲ್ಲಿ ಕುಳಿತಿದ್ದೇನೆ ಎಂಬುದೇ ಗೊತ್ತಾಗದಿದ್ದರೆ ಅವನು ಬೇಡ ಎನ್ನುವುದಾದರೂ ಯಾವುದಕ್ಕೆ? ಇದು ಕ್ರೈಸ್ತ ಮಠ ಎಂದು ಮೊದಲ ದಿನವೇ ಬಾಯಿಬಿಟ್ಟು ಹೇಳಿದರೆ ಕಾವಿಯಿಂದ ಯಾರಿಗೂ ಮೋಸವಿಲ್ಲ. ಮೊದಲ ಆಕ್ಷೇಪಕ್ಕೆ ನಾನು ಬೆಲೆ ಕೊಡುವುದಿಲ್ಲ. ಪ್ಯಾಂಟು, ಟೈ, ಕೀಬೋರ್ಡು ಇವೇನು ಬೆತ್ಲೆಹೇಮಿನಿಂದ ಬಂದವೇ? ಗೋವೆಯಲ್ಲಿ ಜೆಸ್ವಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್ 1616ರಲ್ಲೇ ಕ್ರಿಸ್ತನ ಕಥೆಯನ್ನು ಮರಾಠಿ ಓವಿಗಳಲ್ಲಿ ಪುರಾಣವಾಗಿ ಹಾಡಿಯಾಗಿದೆ.

ವಿಜಯಪುರದಲ್ಲಿದ್ದು ನೀವು ಗಮನಿಸಿರಲೇಬೇಕಾದ ಇನ್ನೊಂದು ಸಂಗತಿ. ಜ್ಞಾನಯೋಗಾಶ್ರಮದ ಸಿದ್ದೇಶ್ವರ ಸ್ವಾಮೀಜಿಯವರ ಪ್ರವಚನ ಕೇಳಲು ಬೆಳಗಿನ ಜಾವವೇ ಜನ ಬಂದು ಕೂಡುತ್ತಿದ್ದರು. ಅವರ ಬಿಳಿ ಅಂಗಿಗೆ ಜೇಬಿರಲಿಲ್ಲ. 2018ರಲ್ಲಿ ಪದ್ಮಶ್ರೀ ಬಂದಾಗ ವಿನಯದಿಂದಲೇ ಬೇಡವೆಂದರು. ದೇವರ ಮಾತು ಹೇಳುವವರ ಅಂಗಿಯಲ್ಲಿ ಜೇಬು ಎಲ್ಲಿದೆ ಎಂದು ಮೊದಲು ನೋಡುವ ಜನ ನಮ್ಮವರು. ಕಾಣಿಕೆ ಡಬ್ಬಿ ತಿರುಗಿಸಿ, ದೊಡ್ಡ ಕಾರಿನಲ್ಲಿ ಇಳಿದು, ಪೋಸ್ಟರಿನಲ್ಲಿ ತಮ್ಮದೇ ಮುಖ ಹಾಕಿಸಿಕೊಳ್ಳುವ ಪ್ರಸಂಗಿಗಳು ಯಾವ ವಿಧಾನ ಹಿಡಿದರೂ ಈ ನೆಲದಲ್ಲಿ ಕೇಳಿಸುವುದಿಲ್ಲ.

ಪ್ರಾರ್ಥನೆಯಿಂದ ರೋಗ ವಾಸಿಮಾಡುತ್ತೇವೆ ಎನ್ನುವ ಸ್ವಸ್ಥತಾ ಕೂಟಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ರೋಗಿಗಾಗಿ ಪ್ರಾರ್ಥಿಸುವುದು ಕ್ರೈಸ್ತ ವಿಶ್ವಾಸದ ಒಳಗಿನ ಮಾತು, ಅದನ್ನು ನಾನು ಬಿಡಲಾರೆ. ‘ಗುಳಿಗೆ ಬಿಡು, ನಂಬು’ ಎನ್ನುವುದು ಅಪರಾಧ. ಕೆಲವು ರೋಗಗಳನ್ನು ಮಂತ್ರಶಕ್ತಿಯಿಂದ ವಾಸಿ ಮಾಡುತ್ತೇವೆಂದು ಜಾಹೀರಾತು ಹಾಕುವುದನ್ನು 1954ರಷ್ಟು ಹಿಂದೆಯೇ ಕೇಂದ್ರದ ಕಾಯ್ದೆ ನಿಷೇಧಿಸಿದೆ. ನೀವು ನರ್ಸ್. ಸಕ್ಕರೆ ಕಾಯಿಲೆಯ ಇನ್ಸುಲಿನ್ ನಿಲ್ಲಿಸಿ ಬಂದವರ ಕಾಲು ಏನಾಗಿರುತ್ತದೆ ಎಂದು ನಾನು ನಿಮಗೆ ಹೇಳಬೇಕಿಲ್ಲ. ಸಭೆಯಲ್ಲಿ ಯಾರಾದರೂ ಹಾಗೆ ಸಾರಿದರೆ ಎದ್ದು ನಿಂತು ಹೇಳುವ ಹೊಣೆ ನಿಮ್ಮದು.

ಈಗ ಕಾಯ್ದೆ. ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಡುತ್ತದೆ. 1977ರಲ್ಲಿ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪ್ರಚಾರದ ಹಕ್ಕು ಎಂದರೆ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲ ಎಂದಿತು. ನಮ್ಮ ರಾಜ್ಯದ ಮತಾಂತರ ನಿಷೇಧ ಮಸೂದೆ 2021ರ ಡಿಸೆಂಬರಿನಲ್ಲಿ ಬೆಳಗಾವಿಯ ಅಧಿವೇಶನದಲ್ಲೇ ವಿಧಾನಸಭೆಯ ಒಪ್ಪಿಗೆ ಪಡೆಯಿತು, 2022ರಲ್ಲಿ ಕಾಯ್ದೆಯಾಯಿತು. ಅದರಲ್ಲಿ ಆಮಿಷ ಎಂಬುದರ ವ್ಯಾಪ್ತಿ ದೊಡ್ಡದು: ಹಣ, ಉಡುಗೊರೆ, ಕೆಲಸ, ಧಾರ್ಮಿಕ ಸಂಸ್ಥೆಯ ಹೆಸರಾಂತ ಶಾಲೆಯಲ್ಲಿ ಉಚಿತ ಶಿಕ್ಷಣ, ಮದುವೆಯ ಭರವಸೆ, ಉತ್ತಮ ಜೀವನದ ಆಸೆ, ದೇವರ ಕೋಪದ ಹೆದರಿಕೆ, ಒಂದು ಧರ್ಮವನ್ನು ಇನ್ನೊಂದರ ಎದುರು ಹೀಗಳೆಯುವುದು, ಎಲ್ಲವೂ ಬರುತ್ತವೆ. ಕರಪತ್ರದ ಆ ಬೆಂಕಿಯ ಚಿತ್ರ ಇನ್ನೊಮ್ಮೆ ನೆನಪಿಸಿಕೊಳ್ಳಿ. ಶಿಕ್ಷೆ 3ರಿಂದ 5 ವರ್ಷ. ಅಪ್ರಾಪ್ತರು, ಮಹಿಳೆಯರು, ಪರಿಶಿಷ್ಟರ ವಿಷಯದಲ್ಲಿ 10 ವರ್ಷದವರೆಗೆ. ದೂರು ಕೊಡುವ ಹಕ್ಕು ನೆಂಟರಿಗಷ್ಟೇ ಅಲ್ಲ, ಸಹೋದ್ಯೋಗಿಗಳಿಗೂ ಇದೆ. ತಪ್ಪು ಮಾಡಿಲ್ಲ ಎಂದು ತೋರಿಸುವ ಭಾರ ಆರೋಪಿಯ ಮೇಲೆ. ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಇದನ್ನು ರದ್ದುಮಾಡಲು ತೀರ್ಮಾನಿಸಿತು. ಸಂಪುಟ ತೀರ್ಮಾನಿಸಿದ ಮಾತ್ರಕ್ಕೆ ಕಾಯ್ದೆ ಹೋಗುವುದಿಲ್ಲ. ಸಭೆಯ ಪರವಾಗಿ ಏನಾದರೂ ಮಾಡುವ ಮುನ್ನ ಈಗಿನ ಸ್ಥಿತಿಯನ್ನು ಒಬ್ಬ ವಕೀಲರ ಬಳಿ ಕೇಳಿಕೊಳ್ಳಿ.

ಆದರೆ ಗೆಳತಿ ಕೇಳಿದ್ದಕ್ಕೆ ನೀವು ನಂಬಿದ್ದನ್ನು ಹೇಳುವುದು ಈ ಕಾಯ್ದೆಯ ಪ್ರಕಾರವೂ ಅಪರಾಧವಲ್ಲ. ಈ ಕಾಯ್ದೆ ಅನ್ಯಾಯವಾಗಿ ಬಳಕೆಯಾಗಬಹುದು ಎಂಬ ಅಂಜಿಕೆ ನನಗೂ ಇದೆ. ಹಾಗೆಂದು ಆಮಿಷವನ್ನು ಸಮರ್ಥಿಸಲು ಆಗುವುದಿಲ್ಲ. 2011ರಲ್ಲಿ ಚರ್ಚುಗಳ ವಿಶ್ವ ಮಂಡಳಿ, ವ್ಯಾಟಿಕನ್ನಿನ ಅಂತರಧರ್ಮೀಯ ಸಂವಾದದ ಮಂಡಳಿ, ವಿಶ್ವ ಇವಾಂಜೆಲಿಕಲ್ ಒಕ್ಕೂಟ ಮೂರೂ ಒಟ್ಟಾಗಿ ಕ್ರೈಸ್ತ ಸಾಕ್ಷಿಯ ಕುರಿತು ಒಂದು ದಾಖಲೆ ಹೊರತಂದವು. ಒಬ್ಬರ ಮುಖ ಒಬ್ಬರು ನೋಡದವರೂ ಆಮಿಷ ಬೇಡ, ಬಡತನವನ್ನು ಬಳಸಿಕೊಳ್ಳಬೇಡಿ ಎಂಬುದಕ್ಕೆ ಅಲ್ಲಿ ಸಹಿ ಹಾಕಿದ್ದಾರೆ.

‘ಬೇಡ’ ಎನ್ನಲು ನಷ್ಟ ಇರಬಾರದು ಎಂದೆ. ‘ಬೇಕು’ ಎನ್ನಲು ಇರುವ ನಷ್ಟವನ್ನು ಮುಚ್ಚಿಡಲೂಬಾರದು. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಲಿ ಎಂದು ಯೇಸುವೇ ಹೇಳಿದ್ದಾನೆ. ಪರಿಶಿಷ್ಟ ಜಾತಿಯವರು ಕ್ರೈಸ್ತರಾದರೆ 1950ರ ರಾಷ್ಟ್ರಪತಿ ಆದೇಶದಂತೆ ಆ ಮೀಸಲಾತಿ ಹೋಗುತ್ತದೆ, ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪ್ರವರ್ಗ 1ಕ್ಕೆ ಬರುತ್ತಾರೆ. ದೀಕ್ಷಾಸ್ನಾನ ಕೊಟ್ಟು ‘ಜಾತಿ ಸರ್ಟಿಫಿಕೇಟು ಹಂಗೇ ಇರ್ಲಿ, ಯಾರಿಗೂ ಹೇಳಬ್ಯಾಡ’ ಎನ್ನುವ ಪಾಸ್ಟರುಗಳಿದ್ದಾರೆ. ಹೊಸ ವಿಶ್ವಾಸಿಯ ಮೊದಲ ಹೆಜ್ಜೆಯನ್ನೇ ಸುಳ್ಳಿನ ಮೇಲೆ ಇಡಿಸಿದಂತಾಯಿತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಇಂಥದೇ ಒಂದು ಪ್ರಕರಣದಲ್ಲಿ ಕಟುವಾಗಿ ಮಾತಾಡಿದೆ.

ಈಗ ನೈಟ್ ಡ್ಯೂಟಿಯ ಗೆಳತಿ. ನಿಮ್ಮ ಪತ್ರದಲ್ಲಿ ನಿಜವಾದ ಅವಕಾಶ ಇರುವುದು ಇಲ್ಲಿ. ಅವಳು ನಿಮ್ಮ ಸಮಾನಳು, ನಿಮ್ಮಿಂದ ಅವಳಿಗೆ ಆಗಬೇಕಾದ್ದು ಏನೂ ಇಲ್ಲ, ಕೇಳಿದವಳು ಅವಳೇ. ‘ಏನ್ ಬೇಡ್ಕೋತಿ’ ಎಂದರೆ ಅವತ್ತು ಏನು ಬೇಡಿಕೊಂಡಿರೋ ಅದನ್ನೇ ಹೇಳಿ. ‘ಅಮ್ಮನ ಮೊಣಕಾಲು ನೋವು ಕಡಿಮಿ ಆಗ್ಲಿ ಅಂದೆ, ಆ ಐಸಿಯು ಹುಡುಗನ ಸಲುವಾಗಿ ಅಂದೆ, ರೊಟ್ಟಿಗೆ ಥ್ಯಾಂಕ್ಸ್ ಅಂದೆ.’ ಇಷ್ಟೇ. ಪಾಪ, ಕುರಿಮರಿಯ ರಕ್ತ, ಪರಲೋಕ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಲು ಹೋಗಬೇಡಿ. ಆಮೇಲೆ ನೀವೂ ಕೇಳಿ. ಅವಳು ಇಷ್ಟಲಿಂಗ ಪೂಜೆ ಮಾಡುತ್ತಾಳೆಯೇ, ಮಾಡುವಾಗ ಮನಸ್ಸಿನಲ್ಲಿ ಏನು ನಡೆಯುತ್ತದೆ? ಉತ್ತರವನ್ನು ನಿಮ್ಮ ಮುಂದಿನ ಮಾತಿಗೆ ಮೆಟ್ಟಿಲು ಮಾಡಿಕೊಳ್ಳಲು ಕೇಳಬೇಡಿ. ತಿಳಿಯಲು ಕೇಳಿ. ಮೆಥಡಿಸ್ಟ್ ಮಿಷನರಿ ಸ್ಟ್ಯಾನ್ಲಿ ಜೋನ್ಸ್ ಉತ್ತರ ಭಾರತದಲ್ಲಿ ದುಂಡುಮೇಜಿನ ಕೂಟ ನಡೆಸುತ್ತಿದ್ದರು. ಹಿಂದೂ, ಮುಸ್ಲಿಂ, ಕ್ರೈಸ್ತರೆಲ್ಲ ಸುತ್ತ ಕೂಡಬೇಕು. ಯಾರೂ ವಾದ ಮಾಡುವಂತಿಲ್ಲ, ಉಪದೇಶ ಮಾಡುವಂತಿಲ್ಲ, ನಿನ್ನ ಧರ್ಮ ನಿನ್ನ ಬದುಕಿನಲ್ಲಿ ಏನು ಮಾಡಿದೆ ಎಂದಷ್ಟೇ ಹೇಳಬೇಕು. ನಾನು ನೋಡಿದ ಎಲ್ಲ ವಿಧಾನಗಳಲ್ಲಿ ನಮ್ಮ ಸೀಮೆಗೆ ಹೆಚ್ಚು ಒಗ್ಗುವುದು ಇದು. ಅನುಭಾವದ ಮಾತಿಗೆ ಕಿವಿಗೊಡುವುದು ಇಲ್ಲಿನ ಜನಕ್ಕೆ ಹೊಸದಲ್ಲ. ಯೋಹಾನನ 9ನೇ ಅಧ್ಯಾಯದ ಹುಟ್ಟುಕುರುಡನೂ ಪಂಡಿತರ ಪ್ರಶ್ನೆಗೆಲ್ಲ ಉತ್ತರ ಕೊಡಲಿಲ್ಲ. ಕುರುಡನಾಗಿದ್ದೆ, ಈಗ ಕಾಣುತ್ತೇನೆ, ಇದೊಂದು ಬಲ್ಲೆ ಎಂದ.

ಭಾನುವಾರದ ಲೆಕ್ಕಕ್ಕೆ ಅವಳನ್ನು ಸೇರಿಸಬೇಡಿ. ಸಭೆಯವರು ಕೇಳಿದರೆ ‘ಈ ವಾರ ಲೆಕ್ಕ ಇಲ್ಲ’ ಎನ್ನಿ. ಗಂಡನಿಗೆ ಮೊದಲೇ ಮನೆಯಲ್ಲಿ ವಿವರಿಸಿ ಹೇಳಿ, ಅವರು ಎಲ್ಲರೆದುರು ಮುಜುಗರಪಡುವಂತಾಗಬಾರದು. ಕರಪತ್ರದ ಕಟ್ಟನ್ನು ಹಿಂದಿರುಗಿಸಿ. ಆಸ್ಪತ್ರೆಯ ವಾಟ್ಸ್ಯಾಪ್ ಗ್ರೂಪಿಗೆ ಬೈಬಲ್ ವಚನದ ಚಿತ್ರ ಹಾಕುವುದೂ ಬೇಡ, ಅಲ್ಲಿಂದ ಹೊರಬೀಳಲು ಯಾರಿಗೂ ಆಗದು. ನಿಮ್ಮ ಸ್ವಂತ ಸ್ಟೇಟಸ್ಸಿಗೆ ಹಾಕಿಕೊಳ್ಳಿ, ನೋಡುವವರು ನೋಡುತ್ತಾರೆ.

ಮುಂದೊಂದು ದಿನ ಗೆಳತಿ ಇನ್ನೂ ತಿಳಿಯಬೇಕು ಎಂದರೆ ಮಾರ್ಕನ ಸುವಾರ್ತೆಯಿಂದ ಶುರುಮಾಡಿ. 16 ಅಧ್ಯಾಯ, ನಾಲ್ಕರಲ್ಲಿ ಅತಿ ಚಿಕ್ಕದು, ಜೋರಾಗಿ ಓದಿದರೆ ಎರಡು ಗಂಟೆಯೊಳಗೆ ಮುಗಿಯುತ್ತದೆ. ನಿಮ್ಮ ಮನೆಯ ಹಳೆಯ ಸತ್ಯವೇದದ ಕನ್ನಡ ಅವಳಿಗೆ ತೊಡಕಾಗಬಹುದು, ಸರಳ ಅನುವಾದ ಆರಿಸಿ. ಬೈಬಲ್ ಸೊಸೈಟಿಯವರು ಬಿಡಿ ಸುವಾರ್ತೆಗಳನ್ನೂ ಅಚ್ಚು ಹಾಕುತ್ತಾರೆ, ಬೆಲೆ ಹೆಚ್ಚಿಲ್ಲ. ಉಡುಗೊರೆಯಾಗಿ ಕೊಡುವುದಕ್ಕಿಂತ ಎಲ್ಲಿ ಸಿಗುತ್ತದೆ ಎಂದು ತಿಳಿಸಿ, ಬೇಕಾದರೆ ಅವಳೇ ಕೊಳ್ಳಲಿ. ಮೂರು ಅಧ್ಯಾಯ ಓದಿ ‘ಸಾಕು’ ಎಂದರೆ ಅಲ್ಲಿಗೆ ಬಿಡಿ. ಅವಳು ವಚನದ ಪುಸ್ತಕ ತಂದುಕೊಟ್ಟರೆ ನೀವೂ ಓದಿ.